ಸೊನ್ನೆ ಕ್ಷಣ ಹುಡುಕುವುದನ್ನು ಕಲಿಯಿರಿ: ಅತಿವೇಗದ ಲೇಸರ್ ವಿಜ್ಞಾನದಲ್ಲಿ ನೆಲೆ ನಿಲ್ಲುವ ಬಗೆ

ಪಿಎಚ್‌ಡಿ ಮಾಡಬೇಕು ಅಂತ ನನ್ನ ಹತ್ತಿರ ಬರುವವರು ಹೆಚ್ಚಾಗಿ ಎರಡೇ ಪ್ರಶ್ನೆ ಕೇಳುತ್ತಾರೆ. ಎಷ್ಟು ವರ್ಷ ಹಿಡಿಯುತ್ತದೆ? ಆಮೇಲೆ ಕೆಲಸ ಸಿಗುತ್ತದಾ? ಎರಡೂ ಕೇಳಲೇಬೇಕಾದ ಪ್ರಶ್ನೆಗಳು. ಎರಡಕ್ಕೂ ಮುಂದೆ ಉತ್ತರ ಹೇಳುತ್ತೇನೆ. ಅದಕ್ಕೂ ಮೊದಲು ನಾನು ಅವರನ್ನು ಒಂದು ಮಾತು ಕೇಳುತ್ತೇನೆ: ಇಲ್ಲಿಯವರೆಗೆ ನೀವೇ ಕೈಯಾರೆ ಅಳೆದದ್ದು ಏನು? ಎಷ್ಟು ತಪ್ಪಿರಬಹುದು ಅಂತ ಗೊತ್ತಾ?

ಇಪ್ಪತ್ತನಾಲ್ಕು ವರ್ಷದಿಂದ ಫೆಮ್ಟೊಸೆಕೆಂಡ್ ಲೇಸರ್‌ಗಳ ಜೊತೆ ಇದ್ದೇನೆ. ವಿದ್ಯಾರ್ಥಿಯಾಗಿ ಆರು ವರ್ಷ, ಎರಡು ಕಡೆ ಪೋಸ್ಟ್‌ಡಾಕ್ (ಪಿಎಚ್‌ಡಿ ಮುಗಿದ ಮೇಲಿನ ತಾತ್ಕಾಲಿಕ ಸಂಶೋಧಕ) ಆಗಿ ಐದು ವರ್ಷ, ಉಳಿದದ್ದು ನನ್ನದೇ ಲ್ಯಾಬಿನಲ್ಲಿ. ಈ ದಾರಿಯಲ್ಲಿ ಯಾರು ನಿಂತರು, ಯಾರು ದಣಿದು ಕೈಬಿಟ್ಟರು ಅಂತ ಹತ್ತಿರದಿಂದ ನೋಡಿದ್ದೇನೆ. ತಾವು ಬಳಸುವ ಬೆಳಕನ್ನು ತಾವೇ ಅಳೆದು ನೋಡುವವರು ನಿಲ್ಲುತ್ತಾರೆ. ಯಂತ್ರದ ಪರದೆ ಹೇಳಿದ್ದನ್ನು ನಂಬಿ ಮುಂದೆ ಹೋಗುವವರು ಮೂರನೇ ವರ್ಷದ ಹೊತ್ತಿಗೆ ಸಿಕ್ಕಿಬೀಳುತ್ತಾರೆ. ನಾನು ಕೊಡುವ ಸಲಹೆಗಳೆಲ್ಲ ಈ ಒಂದು ಬೇರಿನಿಂದಲೇ ಬಂದಿವೆ.

ಹೊಸಬರಿಗಾಗಿ ಎರಡು ಮಾತು. ಒಂದು ಸೆಕೆಂಡನ್ನು ಹತ್ತು ಕೋಟಿ ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಫೆಮ್ಟೊಸೆಕೆಂಡ್. ಅಷ್ಟರಲ್ಲಿ ಬೆಳಕು ಹೋಗುವುದು 0.3 ಮೈಕ್ರಾನ್ ದೂರ ಮಾತ್ರ. ಒಂದು ತಲೆಗೂದಲಿನ ದಪ್ಪ 70 ಮೈಕ್ರಾನ್ ಅಂತಿಟ್ಟುಕೊಂಡರೆ, ಅದನ್ನು ದಾಟಲು ಬೆಳಕಿಗೇ ಸುಮಾರು 230 ಫೆಮ್ಟೊಸೆಕೆಂಡ್ ಬೇಕು. ಅಣುವಿನೊಳಗಿನ ಬಂಧ ಮುರಿಯುವುದು, ಪರಮಾಣುಗಳು ಜಾಗ ಬದಲಿಸುವುದು ಈ ಅಳತೆಯಲ್ಲಿ ನಡೆಯುತ್ತದೆ. ಅದನ್ನು ನಡೆಯುವಾಗಲೇ ನೋಡಿದ್ದಕ್ಕೆ ಅಹಮದ್ ಜೆವೈಲ್ ಅವರಿಗೆ 1999ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಎಲೆಕ್ಟ್ರಾನ್‌ಗಳ ಓಡಾಟ ಇನ್ನೂ ಚುರುಕು. ಅದನ್ನು ಹಿಡಿಯಲು ಫೆಮ್ಟೊಸೆಕೆಂಡಿನ ಸಾವಿರದಲ್ಲಿ ಒಂದು ಪಾಲಾದ ಆಟೊಸೆಕೆಂಡ್ ಬೇಕು.

ಕಾಲೇಜಿನಲ್ಲಿರುವಾಗಲೇ

ಕ್ವಾಂಟಮ್, ವಿದ್ಯುತ್ಕಾಂತತೆ, ದ್ಯುತಿಶಾಸ್ತ್ರ ಎಲ್ಲವನ್ನೂ ಓದಬೇಕು, ಅದು ಗೊತ್ತಿರುವುದೇ. ನಾನು ಒತ್ತಿ ಹೇಳುವುದು ಫೋರಿಯರ್ ರೂಪಾಂತರದ ಬಗ್ಗೆ, ಅಂದರೆ ಒಂದು ಅಲೆಯನ್ನು ಅದರೊಳಗಿನ ಆವರ್ತನಗಳಾಗಿ ಬಿಡಿಸುವ ಗಣಿತ. ಪರೀಕ್ಷೆಗೆ ಉರು ಹೊಡೆದು ಬಿಟ್ಟುಬಿಡಬೇಡಿ. ನಮ್ಮ ಕ್ಷೇತ್ರದಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ಅದೇ ಅನ್ನ.

ಪಲ್ಸ್, ಅಂದರೆ ಲೇಸರ್ ಬಿಡುವ ಬೆಳಕಿನ ಒಂದು ತುಣುಕು, ಚಿಕ್ಕದಾಗಬೇಕಾದರೆ ಅದರಲ್ಲಿ ಬಣ್ಣಗಳು ಜಾಸ್ತಿ ಇರಬೇಕು. ಗಾಸಿಯನ್ (ಗಂಟೆಯ) ಆಕಾರದ ಪಲ್ಸಿಗೆ ಅವಧಿ ಮತ್ತು ಆವರ್ತನದ ಹರವು ಗುಣಿಸಿದರೆ 0.44ಕ್ಕಿಂತ ಕಡಿಮೆ ಬರುವುದಿಲ್ಲ. ಹಾಗಾಗಿ 800 ನ್ಯಾನೊಮೀಟರ್ ಸುತ್ತಲಿನ 100 ಫೆಮ್ಟೊಸೆಕೆಂಡ್ ಪಲ್ಸಿಗೆ ಒಂಬತ್ತು ಚಿಲ್ಲರೆ ನ್ಯಾನೊಮೀಟರ್ ಹರವು ಸಾಕು. 10 ಫೆಮ್ಟೊಸೆಕೆಂಡಿಗೆ ಅದರ ಹತ್ತರಷ್ಟು ಬೇಕು. ಇಷ್ಟು ಎಲ್ಲ ಪುಸ್ತಕದಲ್ಲೂ ಇದೆ. ಈಗ ನೀವೇ ಮಾಡಬೇಕಾದ ಲೆಕ್ಕ ಇದು: ಆ 10 ಫೆಮ್ಟೊಸೆಕೆಂಡ್ ಪಲ್ಸನ್ನು ಒಂದು ಸೆಂಟಿಮೀಟರ್ ದಪ್ಪದ ಫ್ಯೂಸ್ಡ್ ಸಿಲಿಕಾ ಗಾಜಿನ ಮೂಲಕ ಕಳಿಸಿ. ಗಾಜಿನಲ್ಲಿ ಕೆಂಪು ಮುಂದೆ ಓಡುತ್ತದೆ, ನೀಲಿ ಹಿಂದೆ ಉಳಿಯುತ್ತದೆ. ಆಚೆ ಬದಿಗೆ ಬರುವಾಗ ಪಲ್ಸ್ ಸುಮಾರು 100 ಫೆಮ್ಟೊಸೆಕೆಂಡಿಗೆ ಹಿಗ್ಗಿರುತ್ತದೆ. ಅದೇ ಗಾಜಿನಲ್ಲಿ 100 ಫೆಮ್ಟೊಸೆಕೆಂಡ್ ಪಲ್ಸ್ ಹೋದರೆ? ಏನೂ ಆಗುವುದಿಲ್ಲ ಅನ್ನಬಹುದು, ಹಿಗ್ಗುವುದು ನೂರಕ್ಕೆ ಒಂದು ಪಾಲಿಗಿಂತ ಕಡಿಮೆ. ಇದನ್ನು ಕೈಯಲ್ಲಿ ಒಮ್ಮೆ, ಪೈಥಾನ್‌ನಲ್ಲಿ ಒಮ್ಮೆ ಮಾಡಿ, ಎರಡೂ ಉತ್ತರ ತಾಳೆ ನೋಡಿ. ಐವತ್ತು ಸಾಲಿನ ಪ್ರೋಗ್ರಾಂ ಸಾಕು. ಮುಂದೆ ಲ್ಯಾಬಿನಲ್ಲಿ ಸುಮ್ನೆ ಒಂದು ಗಾಜಿನ ತುಂಡು ಇಡುವ ಮುಂಚೆ ನಿಮ್ಮ ಕೈ ತಾನಾಗಿ ತಡೆಯುತ್ತದೆ.

ಬೆಸುಗೆ ಹಾಕುವುದು, ಆಸಿಲೊಸ್ಕೋಪ್ ಬಳಸುವುದು, ಸಣ್ಣ ಸರ್ಕ್ಯೂಟ್ ಕಟ್ಟುವುದು ಇವನ್ನೂ ಸಿಕ್ಕಿದ ಕಡೆ ಕಲಿಯಿರಿ. ಅಂಕ ಬರುವುದಿಲ್ಲ, ಆದರೂ ಕಲಿಯಿರಿ.

ಗೈಡ್ ಮತ್ತು ಲ್ಯಾಬ್ ಆರಿಸುವಾಗ

ಹೆಸರು ನೋಡಿ ಸೇರುವವರೇ ಜಾಸ್ತಿ. ಹೆಸರು ಬೇಡ ಅನ್ನುವುದಿಲ್ಲ. ಆದರೆ ನೀವು ಐದಾರು ವರ್ಷ ಕಳೆಯುವುದು ಆ ಹೆಸರಿನ ಜೊತೆ ಅಲ್ಲ, ಆ ಕೋಣೆಯ ಜೊತೆ. ಹೋಗಿ ನೋಡಿ. ಆಗದಿದ್ದರೆ ವಿಡಿಯೊ ಕರೆಯಲ್ಲಾದರೂ ಲ್ಯಾಬ್ ತೋರಿಸಿ ಅಂತ ಕೇಳಿ. ಗೈಡ್ ಇಲ್ಲದಾಗ ಅಲ್ಲಿನ ವಿದ್ಯಾರ್ಥಿಗಳ ಹತ್ತಿರ ಮಾತಾಡಿ. ಕಳೆದ ತಿಂಗಳು ಲೇಸರ್ ಎಷ್ಟು ದಿನ ಸರಿಯಾಗಿ ಓಡಿತು? ಕೆಟ್ಟರೆ ಯಾರು ಸರಿ ಮಾಡುತ್ತಾರೆ, ನೀವಾ ಅಥವಾ ಕಂಪನಿಯ ಎಂಜಿನಿಯರಾ? ಹಿಂದಿನ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ? ಪೇಪರಿನಲ್ಲಿ ಮೊದಲ ಹೆಸರು ಯಾರದ್ದು ಅಂತ ಯಾವಾಗ ತೀರ್ಮಾನ ಆಗುತ್ತದೆ? ಈ ನಾಲ್ಕಕ್ಕೆ ಬರುವ ಉತ್ತರ, ಉತ್ತರ ಕೊಡುವಾಗಿನ ಮುಖ, ಎರಡನ್ನೂ ಗಮನಿಸಿ.

ನನ್ನ ಅಭಿಪ್ರಾಯ ಸ್ಪಷ್ಟ: ಮೊದಲ ಲ್ಯಾಬ್ ಚಿಕ್ಕದಿರಲಿ, ಲೇಸರ್ ಅವರದ್ದೇ ಇರಲಿ, ಹತ್ತಿರ ಕೂರಿಸಿಕೊಂಡು ಕಲಿಸುವ ಒಬ್ಬ ಹಿರಿಯ ವಿದ್ಯಾರ್ಥಿ ಇರಲಿ. ಹಂಗೇರಿಯ ಸೆಗೆಡ್‌ನಲ್ಲಿ, ಪ್ರಾಗ್ ಹತ್ತಿರದ ಡೊಲ್ನಿ ಬ್ರೆಜಾನಿಯಲ್ಲಿ ಇರುವ ಎಲಿ ಎಂಬ ದೊಡ್ಡ ಲೇಸರ್ ಕೇಂದ್ರಗಳು, ಹ್ಯಾಂಬರ್ಗ್ ಬಳಿಯ ಎಕ್ಸ್-ರೇ ಲೇಸರ್ ಕೇಂದ್ರ ಯುರೋಪಿಯನ್ ಎಕ್ಸ್‌ಫೆಲ್, ಇವೆಲ್ಲ ಅದ್ಭುತ ಜಾಗಗಳು. ಅಲ್ಲಿ ಕೆಲವೇ ದಿನಗಳ ಬೀಮ್‌ಟೈಮ್, ಅಂದರೆ ಯಂತ್ರ ಬಳಸುವ ಸರದಿ, ಸಿಗುತ್ತದೆ, ಹಗಲು ರಾತ್ರಿ ಪಾಳಿಯಲ್ಲಿ ಕೆಲಸ. ಅಲ್ಲಿ ಲೇಸರಿನ ನಾಬ್ ಮುಟ್ಟಲು ನಿಮ್ಮನ್ನು ಬಿಡುವುದಿಲ್ಲ, ಬಿಡಬಾರದು ಕೂಡ. ಕೈ ಪಳಗಿದ ಮೇಲೆ ಅಲ್ಲಿಗೆ ಹೋದರೆ ಆ ದಿನಗಳ ಪೂರ್ತಿ ಬೆಲೆ ನಿಮಗೆ ದಕ್ಕುತ್ತದೆ.

ಮೊದಲ ವರ್ಷ: ಕಣ್ಣು, ಆಮೇಲೆ ಕೈ

ಕಣ್ಣು ಮೊದಲು. 800 ನ್ಯಾನೊಮೀಟರ್ ಬೆಳಕು ನಮ್ಮ ಕಣ್ಣಿಗೆ ಮಂಕು ಕೆಂಪಾಗಿ, ಏನೂ ಇಲ್ಲದ ಹಾಗೆ ಕಾಣುತ್ತದೆ. ಮೋಸ ಇರುವುದೇ ಅಲ್ಲಿ. ಒಂದು ಮಿಲಿಜೌಲ್ ಶಕ್ತಿಯನ್ನು 30 ಫೆಮ್ಟೊಸೆಕೆಂಡಿಗೆ ಅಡಕಿದರೆ ಆ ಕ್ಷಣದ ಪವರ್ ಮೂವತ್ತು ಗಿಗಾವಾಟ್ ದಾಟುತ್ತದೆ. ಕಣ್ಣಿನ ಲೆನ್ಸ್ ಅದನ್ನು ನೇರವಾಗಿ ರೆಟಿನಾದ ಮೇಲೆ ಒಂದು ಚುಕ್ಕಿಗೆ ಸೇರಿಸುತ್ತದೆ. ರೆಪ್ಪೆ ಮುಚ್ಚುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ರೆಟಿನಾ ಸುಟ್ಟರೆ ಮತ್ತೆ ಬೆಳೆಯುವುದಿಲ್ಲ.

ಹಾಗಾಗಿ ಆ ತರಂಗಾಂತರಕ್ಕೇ ಆಗುವ ಕನ್ನಡಕ ಹಾಕಿ. ವಾಚು, ಉಂಗುರ, ಬಳೆ ಹೊರಗೆ ತೆಗೆದಿಟ್ಟು ಒಳಗೆ ಬನ್ನಿ. ಕಿರಣದ ಎತ್ತರಕ್ಕೆ ಮುಖ ತರಬೇಡಿ, ಕುರ್ಚಿಯಲ್ಲಿ ಕೂತರೂ ಕಣ್ಣು ಅದೇ ಮಟ್ಟಕ್ಕೆ ಬರುತ್ತದಾ ಅಂತ ನೋಡಿಕೊಳ್ಳಿ. ಕೆಳಗೆ ಸ್ಕ್ರೂ ಬಿದ್ದರೆ ಮೊದಲು ಶಟರ್ ಮುಚ್ಚಿ, ಆಮೇಲೆ ಬಗ್ಗಿ. ಎರಡನೇ ವರ್ಷದಲ್ಲಿ ಒಂದು ರಾತ್ರಿ ಲೆನ್ಸ್ ಆಚೆ ಹೋಗುತ್ತಿದ್ದ ಕಿರಣದ ಅಡ್ಡ ನನ್ನ ತೋಳು ಬಂತು. ಅಂಗಿಯ ಕೈಯಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ತೂತು. ಸುಟ್ಟ ಬಟ್ಟೆಯ ವಾಸನೆ ಬಂದ ಮೇಲೆ ಗೊತ್ತಾಯಿತು. ಆ ಅಂಗಿ ಇನ್ನೂ ಇಟ್ಟುಕೊಂಡಿದ್ದೇನೆ. ಹೊಸಬರು ಬಂದ ಮೊದಲ ದಿನ ಅದನ್ನೇ ತೋರಿಸುತ್ತೇನೆ, ಇದು ನಿಮ್ಮ ಕಣ್ಣಾಗಿದ್ದರೆ ಅಂತ ಕೇಳುತ್ತೇನೆ.

ಆಮೇಲೆ ಕೈ. ಎರಡು ಕನ್ನಡಿ, ಎರಡು ಐರಿಸ್ (ಕಿರಣ ಹಾಯುವ ಚಿಕ್ಕ ತೂತಿನ ತಡೆ). ಮೊದಲ ಕನ್ನಡಿಯಿಂದ ಹತ್ತಿರದ ಐರಿಸ್‌ನ ನಡುವಿಗೆ ಕಿರಣ ತನ್ನಿ, ಎರಡನೇ ಕನ್ನಡಿಯಿಂದ ದೂರದ ಐರಿಸ್‌ನ ನಡುವಿಗೆ. ಎರಡನೆಯದನ್ನು ಸರಿ ಮಾಡಿದಾಗ ಮೊದಲನೆಯದು ಸ್ವಲ್ಪ ತಪ್ಪುತ್ತದೆ, ಮತ್ತೆ ಮೊದಲಿಂದ. ನಾಲ್ಕೈದು ಸುತ್ತಿನಲ್ಲಿ ಕೂರುತ್ತದೆ. ಇದನ್ನು ನೂರು ಸಲ ಮಾಡಿ. ಬೇಕಂತಲೇ ಕೆಡಿಸಿ ಮತ್ತೆ ಮಾಡಿ. ಇದು ಕೈಗೆ ಹತ್ತಿದರೆ ಅರ್ಧ ಲ್ಯಾಬ್ ಕಲಿತಂತೆ.

ಇನ್ನು ಸೊನ್ನೆ ಕ್ಷಣ. ಪಂಪ್-ಪ್ರೋಬ್ ಪ್ರಯೋಗದಲ್ಲಿ ಒಂದು ಪಲ್ಸನ್ನು ಎರಡಾಗಿ ಒಡೆಯುತ್ತೇವೆ. ಒಂದು ಹೋಗಿ ವಸ್ತುವನ್ನು ಎಬ್ಬಿಸುತ್ತದೆ, ಇನ್ನೊಂದು ಸ್ವಲ್ಪ ತಡವಾಗಿ ಹೋಗಿ ಏನಾಯಿತು ಅಂತ ನೋಡಿಕೊಂಡು ಬರುತ್ತದೆ. ತಡ ಮಾಡುವುದು ಹೇಗೆ? ಜರುಗುವ ಒಂದು ಹಲಗೆಯ ಮೇಲೆ ಕನ್ನಡಿ ಜೋಡಿ ಇಟ್ಟು ದಾರಿ ಉದ್ದ ಮಾಡುವುದು. ಹಲಗೆ ಒಂದು ಮೈಕ್ರಾನ್ ಜರುಗಿದರೆ ಬೆಳಕು ಹೋಗಿ ಬರುವ ದಾರಿ ಎರಡು ಮೈಕ್ರಾನ್ ಹೆಚ್ಚುತ್ತದೆ, ಅಂದರೆ ಸುಮಾರು 6.7 ಫೆಮ್ಟೊಸೆಕೆಂಡ್ ತಡ. ಎರಡೂ ಪಲ್ಸ್ ಒಂದೇ ಹೊತ್ತಿಗೆ ಮುಟ್ಟುವ ಜಾಗ ಸೊನ್ನೆ ಕ್ಷಣ. ಅದು ಸಿಗದೆ ಪ್ರಯೋಗವೇ ಶುರುವಾಗುವುದಿಲ್ಲ. ಪಲ್ಸ್ 100 ಫೆಮ್ಟೊಸೆಕೆಂಡಿನದ್ದಾದರೆ, ಹಲಗೆಯ ಇಡೀ ಓಟದಲ್ಲಿ ಆ ಜಾಗದ ಅಗಲ ಹದಿನೈದು ಮೈಕ್ರಾನ್ ಅಷ್ಟೇ.

ಮೊದಲ ಸಲ ಅದನ್ನು ಹುಡುಕಲು ನನಗೆ ಹನ್ನೊಂದು ದಿನ ಬೇಕಾಯಿತು. ಎರಡೂ ದಾರಿಯನ್ನು ದಾರ ಹಿಡಿದು ಅಳೆದೆ, ಕನ್ನಡಿಯಿಂದ ಕನ್ನಡಿಗೆ. ಸೆಂಟಿಮೀಟರ್ ಮಟ್ಟಕ್ಕೆ ಸರಿ ಬಂತು. ವೇಗದ ಫೋಟೊಡಯೋಡ್ ಇಟ್ಟು ಆಸಿಲೊಸ್ಕೋಪಿನಲ್ಲಿ ಎರಡು ಪಲ್ಸ್ ಒಂದರ ಮೇಲೊಂದು ಕೂರುವಂತೆ ಮಾಡಿದೆ. ಆಸಿಲೊಸ್ಕೋಪಿಗೆ ಕಾಣುವುದು ಅಷ್ಟೇ, ಅದರ ಕೆಳಗಿನದ್ದು ನಾವೇ ಹುಡುಕಬೇಕು. ಎರಡೂ ಕಿರಣ ದಾಟುವ ಕಡೆ ತೆಳುವಾದ ಬಿಬಿಓ ಸ್ಫಟಿಕ (ಕೆಂಪು ಬೆಳಕಿನ ಆವರ್ತನ ಇಮ್ಮಡಿಸಿ ನೀಲಿ ಮಾಡುವಂಥದ್ದು) ಇಟ್ಟೆ, ಹಿಂದೆ ಬಿಳಿ ಕಾರ್ಡು. ಹಲಗೆಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಜರುಗಿಸಿದೆ. ಎರಡು ಮಂಕು ಕೆಂಪು ಚುಕ್ಕಿ, ಅವುಗಳ ಜೊತೆ ಎರಡು ನೀಲಿ ಚುಕ್ಕಿ. ನಡುವೆ ಕತ್ತಲು. ಹತ್ತು ದಿನ ಅದೇ ಕತ್ತಲು.

ಹನ್ನೊಂದನೇ ದಿನ ನೋಟ್‌ಬುಕ್ ತೆಗೆದು ದಾರಿಯಲ್ಲಿದ್ದ ಒಂದೊಂದೇ ವಸ್ತು ಬರೆದೆ. ಒಂದು ದಾರಿಯಲ್ಲಿ ಪೋಲರೈಸರ್ (ಬೆಳಕಿನ ಕಂಪನವನ್ನು ಒಂದೇ ದಿಕ್ಕಿಗೆ ಸೋಸುವ ಭಾಗ) ಇತ್ತು, ಒಂದು ಸೆಂಟಿಮೀಟರ್ ಗಾಜು. ದಾರ ಹಿಡಿದು ಅಳೆಯುವಾಗ ಅದನ್ನೂ ಗಾಳಿಯ ಲೆಕ್ಕಕ್ಕೇ ಹಾಕಿದ್ದೆ. ಗಾಜಿನಲ್ಲಿ ಬೆಳಕು ನಿಧಾನ, ಅಷ್ಟಕ್ಕೇ ಹದಿನೇಳು ಪಿಕೊಸೆಕೆಂಡ್ ತಡ. ಹಲಗೆಯ ಮೇಲೆ ಅದು ಎರಡೂವರೆ ಮಿಲಿಮೀಟರ್. ನಾನು ಹುಡುಕುತ್ತಿದ್ದದ್ದು ಅದರ ಈಚೆ ಬದಿಯಲ್ಲಿ. ಹಲಗೆಯನ್ನು ಅಲ್ಲಿಗೆ ಒಯ್ದು, ದೀಪ ಆರಿಸಿ, ಮತ್ತೆ ಜರುಗಿಸಿದೆ. ಎರಡು ಚುಕ್ಕಿಗಳ ಸರಿ ನಡುವೆ ಮೂರನೇ ನೀಲಿ ಚುಕ್ಕಿ ಒಮ್ಮೆ ಮಿನುಗಿ ಹೋಯಿತು. ವಾಪಸ್ ತಂದೆ. ಮತ್ತೆ ಬಂತು. ಉಸಿರು ಬಿಗಿಹಿಡಿದು ನಿಲ್ಲಿಸಿದೆ. ನಿಂತಿತು. ಆ ನೀಲಿ ಬೆಳಕು ಎರಡು ಪಲ್ಸೂ ಒಟ್ಟಿಗೇ ಬಂದಾಗ ಮಾತ್ರ ಹುಟ್ಟುವಂಥದ್ದು. ಆ ದಿನ ನನಗೆ ಈ ಕೆಲಸ ನನ್ನದು ಅನ್ನಿಸಿತು.

ನೀವು ಹುಡುಕುವಾಗ ಈ ಹನ್ನೊಂದು ದಿನ ಉಳಿಸಿಕೊಳ್ಳಿ: ಎರಡೂ ದಾರಿಯಲ್ಲಿರುವ ಗಾಜಿನ ಪಟ್ಟಿಯನ್ನು ದಪ್ಪದ ಸಮೇತ ಮೊದಲೇ ಬರೆದುಕೊಳ್ಳಿ. ಒಮ್ಮೆ ಸಿಕ್ಕಿದ ಮೇಲೆ ಹಲಗೆಯ ಅಂಕಿಯನ್ನು ದಿನಾಂಕ ಹಾಕಿ ಬರೆಯಿರಿ, ಟೇಬಲ್ಲಿನ ಫೋಟೊ ತೆಗೆದಿಡಿ.

ಪಲ್ಸಿನ ಉದ್ದ ಅಳೆಯುವುದನ್ನೂ ಇದೇ ವರ್ಷ ಕಲಿಯಿರಿ. ಸ್ಪೆಕ್ಟ್ರಮ್ ಅಗಲ ಇದೆ, ಹಾಗಾಗಿ ಪಲ್ಸ್ ಚಿಕ್ಕದಿದೆ ಅನ್ನುವವರು ತುಂಬಾ ಜನ. ಅಗಲ ಇದ್ದರೆ ಚಿಕ್ಕದಾಗಬಹುದು ಅಂತಷ್ಟೇ ಅರ್ಥ, ಆಗಿದೆ ಅಂತಲ್ಲ. ಆಟೊಕೋರಿಲೇಷನ್, ಅಂದರೆ ಪಲ್ಸನ್ನು ಅದರದೇ ಪ್ರತಿಯ ಜೊತೆ ಹೋಲಿಸುವುದು, ಅವಧಿಯ ಅಂದಾಜು ಕೊಡುತ್ತದೆ. ರಿಕ್ ಟ್ರೆಬಿನೊ ಮತ್ತು ಡಾನ್ ಕೇನ್ 1990ರ ದಶಕದ ಮೊದಲಲ್ಲಿ ತಂದ ಫ್ರಾಗ್ ವಿಧಾನ ಪಲ್ಸಿನ ಆಕಾರವನ್ನೂ, ಯಾವ ಬಣ್ಣ ಮುಂದೆ ಯಾವುದು ಹಿಂದೆ ಅನ್ನುವುದನ್ನೂ ತೋರಿಸುತ್ತದೆ. ಸಾಧ್ಯವಾದರೆ ಒಂದು ಆಟೊಕೋರಿಲೇಟರನ್ನು ನೀವೇ ಕಟ್ಟಿ. ಕೊಂಡದ್ದಕ್ಕಿಂತ ಅದು ಒರಟಾಗಿರುತ್ತದೆ. ಆದರೆ ಅದು ಯಾವಾಗ ಸುಳ್ಳು ಹೇಳುತ್ತದೆ ಅಂತ ನಿಮಗೆ ಗೊತ್ತಿರುತ್ತದೆ.

ಪ್ರಶ್ನೆ ನಿಮ್ಮದಾಗಲಿ

ಎರಡು ವರ್ಷ ಕಳೆದ ಮೇಲೆ ಒಂದು ಅಪಾಯ ಇದೆ. ಲೇಸರ್ ಚೆನ್ನಾಗಿ ಓಡಿಸುವವರು ಅಂತ ಹೆಸರು ಬರುತ್ತದೆ, ಎಲ್ಲರೂ ಕರೆಯುತ್ತಾರೆ, ಎಲ್ಲರ ಪೇಪರಿನಲ್ಲೂ ನಾಲ್ಕನೇ ಹೆಸರು ನಿಮ್ಮದು. ಕೇಳಲು ಖುಷಿ. ಆದರೆ ಈ ಬೆಳಕಿನಿಂದ ನಾನು ಏನನ್ನು ತಿಳಿಯಬೇಕು ಅನ್ನುವ ಪ್ರಶ್ನೆ ನಿಮ್ಮದೇ ಆಗದಿದ್ದರೆ ಮುಂದೆ ದಾರಿ ಕಷ್ಟ.

ಪ್ರಶ್ನೆ ದೊಡ್ಡದಾಗಿ ಕಾಣಬೇಕು ಅಂತೇನಿಲ್ಲ. ಡೊನಾ ಸ್ಟ್ರಿಕ್‌ಲ್ಯಾಂಡ್ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಜೆರಾರ್ ಮೂರು ಅವರ ವಿದ್ಯಾರ್ಥಿಯಾಗಿದ್ದಾಗ ಎದುರಿಗಿದ್ದ ತೊಡಕು ಇಷ್ಟು: ಚಿಕ್ಕ ಪಲ್ಸನ್ನು ಬಲಪಡಿಸಲು ಹೋದರೆ ಅದೇ ಪಲ್ಸ್ ಆಂಪ್ಲಿಫೈಯರಿನ ಗಾಜನ್ನೇ ಹಾಳುಮಾಡುತ್ತದೆ. ಅವರು ಪಲ್ಸನ್ನು 1.4 ಕಿಲೋಮೀಟರ್ ಉದ್ದದ ಆಪ್ಟಿಕಲ್ ಫೈಬರಿನಲ್ಲಿ ಕಳಿಸಿ ಹಿಗ್ಗಿಸಿದರು. ಹಿಗ್ಗಿದ್ದರಿಂದ ಅದರ ತೀವ್ರತೆ ತಗ್ಗಿತು. ಆಗ ನಿರಾಳವಾಗಿ ಬಲಪಡಿಸಿ, ಕೊನೆಗೆ ಗ್ರೇಟಿಂಗ್ (ಬಣ್ಣಗಳನ್ನು ಬಿಡಿಸುವ ಸೂಕ್ಷ್ಮ ಗೆರೆಗಳ ಫಲಕ) ಜೋಡಿಯಲ್ಲಿ ಮತ್ತೆ ಕುಗ್ಗಿಸಿದರು. 1985ರಲ್ಲಿ ಬಂದ ಆ ಪೇಪರ್ ಸ್ಟ್ರಿಕ್‌ಲ್ಯಾಂಡ್ ಅವರ ಮೊದಲ ಪೇಪರ್. ಇವತ್ತು ಜಗತ್ತಿನ ಅತಿ ಚಿಕ್ಕ ಪಲ್ಸಿನ ದೊಡ್ಡ ಲೇಸರ್‌ಗಳು ಹೆಚ್ಚಾಗಿ ಅದೇ ದಾರಿಯಲ್ಲಿ ನಡೆಯುತ್ತವೆ. ನೊಬೆಲ್ ಬಂದದ್ದು 2018ರಲ್ಲಿ, ಮೂವತ್ತಮೂರು ವರ್ಷ ಕಳೆದ ಮೇಲೆ.

ಆನ್ ಲುಯಿಲಿಯೆ ಅವರ ಕತೆಯನ್ನೂ ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತಿರುತ್ತೇನೆ. 1987ರಲ್ಲಿ ಅವರ ತಂಡ ಫ್ರಾನ್ಸಿನ ಸಾಕ್ಲೆಯಲ್ಲಿ ಜಡ ಅನಿಲದೊಳಗೆ ಇನ್‌ಫ್ರಾರೆಡ್ ಲೇಸರ್ ಹಾಯಿಸಿತು. ಹೊರಗೆ ಬಂದ ಬೆಳಕಿನಲ್ಲಿ ಮೂಲ ಆವರ್ತನದ ಐದರಷ್ಟು, ಏಳರಷ್ಟು, ಒಂಬತ್ತರಷ್ಟು ಹೀಗೆ ಸಾಲಾಗಿ ಹಾರ್ಮೋನಿಕ್‌ಗಳು ಕಂಡವು. ಮೇಲೆ ಹೋದಂತೆ ಅವು ಬೇಗ ಕ್ಷೀಣಿಸಬೇಕಿತ್ತು. ಕ್ಷೀಣಿಸಲಿಲ್ಲ, ಬಹುದೂರದವರೆಗೆ ಹೆಚ್ಚುಕಮ್ಮಿ ಒಂದೇ ಬಲದಲ್ಲಿ ನಿಂತವು. ಅವರು ಅದನ್ನು ಬಿಡದೆ ವರ್ಷಗಟ್ಟಲೆ ಹಿಂಬಾಲಿಸಿದರು. 2001ರಲ್ಲಿ ಪಿಯರ್ ಅಗೊಸ್ಟಿನಿ ಅವರ ತಂಡ ಅದೇ ಹಾರ್ಮೋನಿಕ್‌ಗಳಿಂದ 250 ಆಟೊಸೆಕೆಂಡಿನ ಪಲ್ಸ್ ಸಾಲನ್ನು ಅಳೆಯಿತು, ಫೆರೆಂಕ್ ಕ್ರೌಸ್ ಅವರ ತಂಡ 650 ಆಟೊಸೆಕೆಂಡಿನ ಒಂಟಿ ಪಲ್ಸನ್ನು ಬೇರ್ಪಡಿಸಿತು. ಮೂವರಿಗೂ ಸೇರಿ 2023ರ ನೊಬೆಲ್ ಬಂತು. ನಿಮ್ಮ ಗ್ರಾಫಿನಲ್ಲಿ ಬೀಳಬೇಕಾದ ಗೆರೆ ಬೀಳದೆ ನಿಂತರೆ ಮೊದಲು ಡಿಟೆಕ್ಟರ್ ಪರೀಕ್ಷೆ ಮಾಡಿ, ಸಾಚುರೇಟ್ ಆಗಿದೆಯಾ, ಅಂದರೆ ಅಳೆಯುವ ಮಿತಿ ಮುಟ್ಟಿದೆಯಾ ನೋಡಿ. ಡಿಟೆಕ್ಟರ್ ಸರಿ ಇದ್ದರೆ ಆ ಗೆರೆಯನ್ನು ಕೈಬಿಡಬೇಡಿ.

ಪೇಪರ್ ಬರೆಯುವುದರ ಬಗ್ಗೆ ಚಿಕ್ಕದಾಗಿ. ಚಿತ್ರಗಳನ್ನು ಮೊದಲು ಮಾಡಿ, ಅವನ್ನು ಟೇಬಲ್ ಮೇಲೆ ಸಾಲಾಗಿ ಇಟ್ಟು ಮಾತಿಲ್ಲದೆ ಕತೆ ಹೇಳುತ್ತವಾ ನೋಡಿ. ಪಲ್ಸಿನ ಅವಧಿಯನ್ನು ಸ್ಯಾಂಪಲ್ ಇರುವ ಜಾಗದಲ್ಲಿ ಹೇಗೆ ಅಳೆದಿರಿ ಅಂತ ಬರೆಯಿರಿ, ಲೇಸರಿನ ಬಾಯಲ್ಲಿ ಅಳೆದದ್ದನ್ನು ಅಲ್ಲ. ನಡುವೆ ಲೆನ್ಸ್, ಕಿಟಕಿ, ಗಾಳಿ ಎಲ್ಲ ಇವೆ ಅಲ್ವಾ. ವಿಮರ್ಶಕರು ಕೇಳುವ ಮೊದಲ ಪ್ರಶ್ನೆ ಹೆಚ್ಚಾಗಿ ಇದೇ.

ಪೋಸ್ಟ್‌ಡಾಕ್ ಎಂಬ ನಡುದಾರಿ

ಈಗ ಆ ಎರಡು ಪ್ರಶ್ನೆಗಳು. ಪಿಎಚ್‌ಡಿಗೆ ನಾಲ್ಕರಿಂದ ಆರು ವರ್ಷ ಅಂತ ಇಟ್ಟುಕೊಳ್ಳಿ. ಆಮೇಲೆ ಒಂದೋ ಎರಡೋ ಪೋಸ್ಟ್‌ಡಾಕ್, ಒಂದೊಂದು ಎರಡು ಮೂರು ವರ್ಷ. ಅಷ್ಟಾದ ಮೇಲೂ ವಿಶ್ವವಿದ್ಯಾಲಯದ ಕಾಯಂ ಕೆಲಸ ಎಲ್ಲರಿಗೂ ಸಿಗುವುದಿಲ್ಲ. ಹುದ್ದೆಗಳು ಕಡಿಮೆ, ಬರುವವರು ಜಾಸ್ತಿ. ಇದನ್ನು ಮೊದಲ ದಿನವೇ ಹೇಳುವುದು ಗೈಡ್ ಆದವರ ಕರ್ತವ್ಯ ಅಂತ ನಾನು ನಂಬುತ್ತೇನೆ. ಲೇಸರ್ ಕಂಪನಿಗಳು, ಕಣ್ಣಿನ ಶಸ್ತ್ರಚಿಕಿತ್ಸೆಯ ಉಪಕರಣ ಮಾಡುವವರು, ಚಿಪ್ ತಯಾರಿಕೆಯ ಕಡೆಯವರು ನಮ್ಮವರನ್ನು ಹುಡುಕಿಕೊಂಡು ಬರುತ್ತಾರೆ. ಆ ಕಡೆ ಹೋದ ನನ್ನ ವಿದ್ಯಾರ್ಥಿಗಳು ಸೋತವರಲ್ಲ. ಅವರು ಕಟ್ಟಿದ ಲೇಸರ್‌ಗಳಲ್ಲಿ ಒಂದು ಇವತ್ತು ನನ್ನ ಟೇಬಲ್ ಮೇಲೇ ಓಡುತ್ತಿದೆ.

ಪೋಸ್ಟ್‌ಡಾಕ್‌ಗೆ ಹೋಗುವಾಗ ಒಂದನ್ನು ಬದಲಿಸಿ, ಒಂದನ್ನು ಉಳಿಸಿಕೊಳ್ಳಿ. ಲೇಸರ್ ಕಟ್ಟಿದವರಾದರೆ ಅದನ್ನು ಅಣುಗಳ ಮೇಲೋ ಘನವಸ್ತುಗಳ ಮೇಲೋ ಬಳಸುವ ಕಡೆ ಹೋಗಿ. ದ್ರವಗಳ ಮೇಲೆ ಕೆಲಸ ಮಾಡಿದವರಾದರೆ ಅದೇ ದ್ರವ ಇಟ್ಟುಕೊಂಡು ಎಕ್ಸ್-ರೇ ಕಡೆಗೆ ಹೋಗಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಕಲಿಯುವಷ್ಟರಲ್ಲಿ ಒಪ್ಪಂದ ಮುಗಿಯುತ್ತದೆ. ಯಾವುದನ್ನೂ ಬದಲಿಸದಿದ್ದರೆ ಮುಂದೆ ಸಂದರ್ಶನದಲ್ಲಿ ನಿಮ್ಮ ಗೈಡಿಗಿಂತ ನೀವು ಹೇಗೆ ಬೇರೆ ಅಂತ ಕೇಳಿದಾಗ ಬಾಯಿ ಕಟ್ಟುತ್ತದೆ.

ಇನ್ನೊಂದು, ನಾನು ಪೆಟ್ಟು ತಿಂದು ಕಲಿತದ್ದು. ನನ್ನ ಮೊದಲ ಪೋಸ್ಟ್‌ಡಾಕ್ ಜಾಗದಲ್ಲಿ ಹೊಸ ಲೇಸರ್ ಬರುತ್ತದೆ ಅಂತ ಹೇಳಿದ್ದರು. ನಾನು ಹೋದಾಗ ಕೋಣೆಯೇ ಸಿದ್ಧ ಇರಲಿಲ್ಲ. ಎಂಟು ತಿಂಗಳು ಕಾದೆ. ಎರಡು ವರ್ಷದ ಒಪ್ಪಂದದಲ್ಲಿ ಎಂಟು ತಿಂಗಳು ಅಂದರೆ ಎಷ್ಟು ಅಂತ ನೀವೇ ನೋಡಿ. ಆ ಹೊತ್ತಿನಲ್ಲಿ ಪಲ್ಸ್ ಸಿಮ್ಯುಲೇಷನ್ ಬರೆದು ಒಂದು ಸೈದ್ಧಾಂತಿಕ ಪೇಪರ್ ಮಾಡಿದೆ, ಅದು ಕೈ ಹಿಡಿಯಿತು. ಆದರೂ ಅಂಥ ಕಾಯುವಿಕೆ ಯಾರಿಗೂ ಬೇಡ. ಒಪ್ಪಿಕೊಳ್ಳುವ ಮುಂಚೆ ಇಮೇಲಿನಲ್ಲಿ ಒಂದೇ ಸಾಲು ಕೇಳಿ: ಇವತ್ತು ಲೇಸರ್ ಓಡುತ್ತಿದೆಯಾ, ಅದರ ಈ ವಾರದ ಒಂದು ಫ್ರಾಗ್ ಚಿತ್ರ ಕಳಿಸಬಹುದಾ? ಒಳ್ಳೆಯ ಲ್ಯಾಬಿನವರು ಸಂತೋಷದಿಂದ ಕಳಿಸುತ್ತಾರೆ.

ನಿಮ್ಮದೇ ಲ್ಯಾಬ್

ಹುದ್ದೆಗೆ ಅರ್ಜಿ ಹಾಕುವಾಗ ಸಂಶೋಧನಾ ಯೋಜನೆಯಲ್ಲಿ ಮೊದಲ ಮೂರು ಪ್ರಯೋಗಗಳನ್ನು ಹೆಸರಿಸಿ. ಒಂದು ಮೊದಲ ವರ್ಷವೇ ಆಗುವಂಥದ್ದು, ಬೇರೆಯವರ ಲೇಸರಿನಲ್ಲೂ ಮಾಡಬಹುದಾದದ್ದು. ಒಂದು ಮೂರು ವರ್ಷದಲ್ಲಿ ಆಗುವಂಥದ್ದು. ಇನ್ನೊಂದು ಆಗುತ್ತದೋ ಇಲ್ಲವೋ ಅನ್ನುವಂಥದ್ದು, ಆದರೆ ಆಗಿಬಿಟ್ಟರೆ ಎಲ್ಲರೂ ತಿರುಗಿ ನೋಡುವಂಥದ್ದು. ಆಯ್ಕೆ ಸಮಿತಿಯಲ್ಲಿ ಕೂತಾಗ ನಾನು ಓದುವುದು ಮೊದಲನೆಯದನ್ನೇ ಜಾಸ್ತಿ ಗಮನ ಕೊಟ್ಟು.

ಯಾವ ಲೇಸರ್ ಕೊಳ್ಳುವುದು? ಟೈಟಾನಿಯಂ-ಸಫೈರ್ 1982ರಲ್ಲಿ ಪೀಟರ್ ಮೋಲ್ಟನ್ ತೋರಿಸಿಕೊಟ್ಟ ವಸ್ತು. ಅದರ ಬಣ್ಣದ ಹರವು ಬಹಳ ದೊಡ್ಡದು, ನೇರವಾಗಿ ತುಂಬಾ ಚಿಕ್ಕ ಪಲ್ಸ್ ಕೊಡುತ್ತದೆ. ಆದರೆ ಅದಕ್ಕೆ ಹಸಿರು ಲೇಸರಿನ ಪಂಪ್ (ಶಕ್ತಿ ತುಂಬುವ ಮೂಲ) ಬೇಕು, ಆರೈಕೆ ಜಾಸ್ತಿ. ಇಟರ್ಬಿಯಂ ಲೇಸರ್‌ಗಳನ್ನು ಡಯೋಡಿನಿಂದಲೇ ಪಂಪ್ ಮಾಡಬಹುದು, 1030 ನ್ಯಾನೊಮೀಟರ್ ಸುತ್ತ ಓಡುತ್ತವೆ, ಸರಾಸರಿ ಪವರ್ ಹೆಚ್ಚು, ದಿನವಿಡೀ ಅಲ್ಲಾಡದೆ ನಿಲ್ಲುತ್ತವೆ. ಪಲ್ಸ್ ಮಾತ್ರ ಉದ್ದ, ಅನಿಲ ತುಂಬಿದ ಟೊಳ್ಳು ಫೈಬರಿನಲ್ಲೋ ಕಿರಣ ಹಲವು ಸಲ ಹಾಯುವ ಮಲ್ಟಿಪಾಸ್ ಕೋಶದಲ್ಲೋ ಹಾಯಿಸಿ, ಬಣ್ಣಗಳ ಹರವು ಹೆಚ್ಚಿಸಿ ಆಮೇಲೆ ಕುಗ್ಗಿಸಬೇಕು. ಇವತ್ತು ಹೊಸದಾಗಿ ಶುರು ಮಾಡುವವರಿಗೆ ನಾನು ಇಟರ್ಬಿಯಂ ಅನ್ನುತ್ತೇನೆ, ವಿದ್ಯಾರ್ಥಿಗಳ ಸಮಯ ಉಳಿಯುತ್ತದೆ ಅನ್ನುವ ಕಾರಣಕ್ಕೆ.

ಲೇಸರಿಗಿಂತ ಮೊದಲು ಕೋಣೆ. ನನ್ನ ಲ್ಯಾಬ್ ಶುರುವಾದ ವರ್ಷ ಸಿಗ್ನಲ್ ಏರುತ್ತಿತ್ತು, ಇಳಿಯುತ್ತಿತ್ತು, ಕಾರಣ ಸಿಗುತ್ತಿರಲಿಲ್ಲ. ಕನ್ನಡಿ ಹಿಡಿಕೆಗಳನ್ನೆಲ್ಲ ಬಿಗಿ ಮಾಡಿದೆವು, ಪಂಪ್ ಲೇಸರ್ ಮೇಲೆ ಸಂಶಯಪಟ್ಟೆವು. ಕೊನೆಗೆ ಒಂದು ಸಣ್ಣ ಕ್ಯಾಮೆರಾ ಇಟ್ಟು ರಾತ್ರಿಯಿಡೀ ಕಿರಣದ ಜಾಗ ದಾಖಲು ಮಾಡಿದೆವು. ಬೆಳಗ್ಗೆ ಗ್ರಾಫ್ ತೆರೆದರೆ ನೀಟಾದ ಅಲೆ, ಇಪ್ಪತ್ತು ನಿಮಿಷಕ್ಕೆ ಒಂದು. ಕೋಣೆಯ ಎಸಿ ಆನ್ ಆಗಿ ಆಫ್ ಆಗುವ ಲಯ ಅದು. ತಣ್ಣನೆ ಗಾಳಿ ನೇರ ಟೇಬಲ್ ಮೇಲೆ ಬೀಳುತ್ತಿತ್ತು. ಗಾಳಿಯ ಬಾಯಿ ತಿರುಗಿಸಿ, ಕಿರಣದ ದಾರಿಗೆಲ್ಲ ಪೆಟ್ಟಿಗೆ ಮುಚ್ಚಿದ ಮೇಲೆ ಅಲೆ ಹೋಯಿತು. ಹಾಗಾಗಿ ಹಣ ಕೈಗೆ ಬಂದ ಕೂಡಲೇ ಉಷ್ಣಾಂಶ ಒಂದು ಡಿಗ್ರಿಯೊಳಗೆ ನಿಲ್ಲುವ ಕೋಣೆ ಕೇಳಿ. ಕಂಪನ ಕಡಿಮೆ ಇರುವ ನೆಲಮಹಡಿ ಕೇಳಿ. ಧೂಳು ಬರದ ಹಾಗೆ ನೋಡಿಕೊಳ್ಳಿ, ಗ್ರೇಟಿಂಗ್ ಮೇಲೆ ಒಂದು ಬೆರಳಚ್ಚು ಬಿದ್ದರೆ ಒರೆಸಲು ಬರುವುದಿಲ್ಲ. ಇದನ್ನೆಲ್ಲ ಕೆಲಸಕ್ಕೆ ಸೇರುವ ಮುಂಚೆ ಬರವಣಿಗೆಯಲ್ಲಿ ಪಡೆಯಿರಿ. ಸೇರಿದ ಮೇಲೆ ಕೇಳಿದರೆ ಸಿಗಲು ವರ್ಷ ಹಿಡಿಯುತ್ತದೆ.

ವಿದ್ಯಾರ್ಥಿಗಳು ಬಂದ ಮೇಲೆ ನಿಮ್ಮ ಕೈ ಟೇಬಲ್ಲಿನಿಂದ ನಿಧಾನವಾಗಿ ದೂರವಾಗುತ್ತದೆ. ನನಗೆ ಅದು ನೋವಿನ ಸಂಗತಿಯಾಗಿತ್ತು, ಈಗಲೂ ವಾರಕ್ಕೊಂದು ಮಧ್ಯಾಹ್ನ ಲ್ಯಾಬಿಗೆ ಅಂತಲೇ ಎತ್ತಿಟ್ಟಿದ್ದೇನೆ. ಆ ಹೊತ್ತಿನಲ್ಲಿ ಮೀಟಿಂಗ್ ಒಪ್ಪುವುದಿಲ್ಲ. ಪಾಠ ಮಾಡುವುದನ್ನೂ ಹೊರೆ ಅಂದುಕೊಳ್ಳಬೇಡಿ. 2023ರಲ್ಲಿ ಸ್ಟಾಕ್‌ಹೋಮ್‌ನಿಂದ ಕರೆ ಬಂದಾಗ ಆನ್ ಲುಯಿಲಿಯೆ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದರು. ಬಿಡುವಿನಲ್ಲಿ ಸುದ್ದಿ ಕೇಳಿ, ವಾಪಸ್ ಹೋಗಿ ಆ ಪಾಠ ಮುಗಿಸಿದರು.

ಇಷ್ಟೆಲ್ಲ ಓದಿ ಈ ದಾರಿಗೆ ಬರಬೇಕು ಅನ್ನಿಸಿದರೆ, ಗೈಡ್‌ಗಳಿಗೆ ಬರೆಯುವ ಮೊದಲ ಇಮೇಲನ್ನು ಹೀಗೆ ಬರೆಯಿರಿ. ಬಾಲ್ಯದಿಂದ ಭೌತಶಾಸ್ತ್ರದಲ್ಲಿ ಆಸಕ್ತಿ ಅನ್ನುವ ಸಾಲು ಬೇಡ, ಅದು ಎಲ್ಲರ ಇಮೇಲಿನಲ್ಲೂ ಇರುತ್ತದೆ. ಅವರ ಒಂದು ಪೇಪರನ್ನು ಪೂರ್ತಿ ಓದಿ ಅದರಲ್ಲಿ ಅರ್ಥವಾಗದ ಒಂದು ಜಾಗ ಕೇಳಿ. ಆಮೇಲೆ ನೀವೇ ಅಳೆದ ಒಂದು ವಿಷಯದ ಬಗ್ಗೆ ಒಂದು ಪ್ಯಾರಾ ಬರೆಯಿರಿ: ಏನು ಅಳೆದಿರಿ, ಹೇಗೆ, ಎಷ್ಟು ಬಂತು, ಎಷ್ಟು ತಪ್ಪಿರಬಹುದು. ನಾಲ್ಕು ವರ್ಷದ ಹಿಂದೆ ಒಬ್ಬ ವಿದ್ಯಾರ್ಥಿನಿ ಲೇಸರ್ ಪಾಯಿಂಟರ್ ಮತ್ತು ಗೋಡೆ ಬಳಸಿ ತಮ್ಮ ಕೂದಲಿನ ದಪ್ಪ ಅಳೆದದ್ದನ್ನು ಬರೆದಿದ್ದರು. 68 ಮೈಕ್ರಾನ್, ನಾಲ್ಕು ಆಚೀಚೆ. ಆ ನಾಲ್ಕು ಎಲ್ಲಿಂದ ಬಂತು ಅಂತಲೂ ಬರೆದಿದ್ದರು: ಗೋಡೆಯ ಮೇಲಿನ ಕಪ್ಪು ಪಟ್ಟಿಗಳ ನಡುಭಾಗ ಸ್ಕೇಲಿನಲ್ಲಿ ಸರಿಯಾಗಿ ಗುರುತಿಸಲು ಆಗಲಿಲ್ಲ, ಹಾಗಾಗಿ ಹತ್ತು ಸಲ ಅಳೆದೆ ಅಂತ. ಮಾರನೇ ದಿನವೇ ಅವರಿಗೆ ಫೋನ್ ಮಾಡಿದೆ.